ಹದಿನಾಲ್ಕನೆಯ ಪ್ರಶ್ನೆ

ಸೆಪ್ಟೆಂಬರಿನಲ್ಲಿ, ಹಿಮ ಕರಗಿ ಕೆಸರಾಗಿ
ಗಾಳಿಯ ತಿಂಗಳುಗಳು ಶುರುವಾಗುವ ಹೊತ್ತಿಗೆ,
ಪುಂತಾ ಅರೆನಾಸಿನ ನಮ್ಮ ಶಾಲೆಗೆ
ಒಂದು ಪ್ರಶ್ನಾವಳಿ ಬಂತು.
ಹೆಸರು ಬೇಡ, ಅಂದರು ಟೀಚರ್ ಮಿಲೆಂಕಾ,
ನಿಜ ಮಾತ್ರ ಬರೆಯಿರಿ.
ಹೆಸರಿಲ್ಲದಿದ್ದರೆ ನಿಜ ಸುಲಭ ಅಂತ
ಅವರಿಗೆ ಯಾರು ಹೇಳಿದರೋ.

ಒಂದನೆಯದು: ಶಾಲೆಗೆ ಬರಲು ನಿನಗೆ ಇಷ್ಟವೇ?
ಇಷ್ಟ ಅಂತ ಗೀಟು ಹಾಕಿದೆ. ಸುಳ್ಳಲ್ಲ.
ನನ್ನ ಶಾಲೆಯಲ್ಲಿ ಹೀಟರಿನ ಪಕ್ಕ ಒಂದು ಕುರ್ಚಿ ಇದೆ,
ಹತ್ತೂವರೆಗೆ ಅಡುಗೆಮನೆಯಿಂದ ಬ್ರೆಡ್ಡಿನ ವಾಸನೆ,
ಕಾರಿಡಾರ್ ಎಂದರೆ ಯಾರಾದರೂ ನನ್ನನ್ನು ಕೂಗುವ ಜಾಗ.

ಎಲಿಸಿಯೊನ ಶಾಲೆ ಬೇರೆ.
ವಿಳಾಸ ಒಂದೇ, ಗಂಟೆ ಒಂದೇ,
ಅವನ ಕಾರಿಡಾರಿಗೆ ಮಾತ್ರ ನಲವತ್ತೊಂದು ಹೆಜ್ಜೆ.
ಎಣಿಸುತ್ತಾನೆ. ತುಟಿ ಅಲ್ಲಾಡುವುದು ಕಾಣುತ್ತದೆ.

ಅವನ ತಾಯಿ ಬಂದರಿನ ಕಾರ್ಖಾನೆಯಲ್ಲಿ
ಏಡಿ ಬಿಡಿಸುತ್ತಾಳೆ, ಮುಳ್ಳುಗಾಲಿನ ಕೆಂಪು ಏಡಿ.
ಮಾರ್ಚಿನಲ್ಲಿ ಯಾರೋ ಅಂದರು, ಇವನ ಸ್ವೆಟರು ನಾರುತ್ತದೆ.
ನಾರುತ್ತಿರಲಿಲ್ಲ. ಅದು ಮುಖ್ಯವೂ ಆಗಿರಲಿಲ್ಲ.
ಏಪ್ರಿಲಿಗೆ ಬೆರಳುಗಳು ಕಲಿತುಬಿಟ್ಟವು:
ತೋರುಬೆರಳು, ನಡುಬೆರಳು, ಕತ್ತರಿಯ ಹಾಗೆ
ತೆರೆದು ಮುಚ್ಚಿ, ತೆರೆದು ಮುಚ್ಚಿ.
ಅವನು ಬಾಗಿಲಲ್ಲಿ ಕಂಡಾಗಲೆಲ್ಲ
ಇಪ್ಪತ್ತಾರು ಕೊಂಡಿ ಆಡುತ್ತಿದ್ದವು.
ಸದ್ದಿಲ್ಲದ್ದನ್ನು ಕೇಳುವ ಕಿವಿ ಟೀಚರಿಗಿರಲಿಲ್ಲ.

ನಾನೂ ಒಮ್ಮೆ. ಮೇ ತಿಂಗಳು, ಮಂಗಳವಾರ,
ಡೆಸ್ಕಿನ ಕೆಳಗೆ, ಒಂದೇ ಒಂದು ಸಲ.
ರೆನಾಟಾ ನನ್ನತ್ತ ನೋಡಿ ನಕ್ಕಳು, ಅಷ್ಟಕ್ಕೆ.
ಆಗ ಎದೆಯೊಳಗೆ ಬೆಚ್ಚಗಾದದ್ದು
ಇವತ್ತಿಗೂ ನೆನಪಿದೆ. ಅದೇ ತೊಂದರೆ.

ಹದಿನಾಲ್ಕು: ನಿನ್ನ ತರಗತಿಯವರು ಕರುಣೆಯುಳ್ಳವರೇ?
ಯಾವಾಗಲೂ. ಕೆಲವೊಮ್ಮೆ. ಇಲ್ಲ.
ಅಜ್ಜ ತೀರಿಕೊಂಡಾಗ ನನಗೆ
ಮೂರು ದಿನದ ನೋಟ್ಸ್ ಬರೆದುಕೊಟ್ಟವಳು ರೆನಾಟಾ.
ಕುಂಟು ನಾಯಿಯನ್ನು ಸೈಕಲ್ಲಿನ ಮೇಲೆ
ಆಸ್ಪತ್ರೆಗೆ ಒಯ್ದವನು ಬಾಲ್ತಸಾರ್.
ಯಾವಾಗಲೂ ಎಂದರೆ ಅವರ ಬಗ್ಗೆ ನಿಜ.
ಇಲ್ಲ ಎಂದರೂ ಅವರ ಬಗ್ಗೆಯೇ ನಿಜ.
ಎಲಿಸಿಯೊ ಯಾವ ಚೌಕ ತುಂಬಿದನೋ ಕಾಣಲಿಲ್ಲ,
ಪರೀಕ್ಷೆಯಲ್ಲಿ ಜಾಣರು ಇಡುತ್ತಾರಲ್ಲ,
ಹಾಗೆ ತೋಳು ಅಡ್ಡ ಇಟ್ಟಿದ್ದ.
ಕೆಲವೊಮ್ಮೆ ಅಂತ ಗುರುತು ಹಾಕಿ
ಕಾಗದ ಮಡಿಸಿ ಕೊಟ್ಟೆ.

ಆ ಸಂಜೆ ಗಾಳಿ ಎದ್ದಿತು.
ಇಂಥ ದಿನ ನಮ್ಮೂರಿನ ಪ್ಲಾಜಾದ ಮೂಲೆಯಲ್ಲಿ
ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟುತ್ತಾರೆ,
ಹಿಡಿದು ದಾಟಲಿ ಅಂತ.
ಒಬ್ಬಳು ಮುದುಕಿ, ಒಬ್ಬ ಬ್ಯಾಂಕಿನ ಗುಮಾಸ್ತ, ಆಮೇಲೆ ಎಲಿಸಿಯೊ,
ಅವನ ಹಿಂದೆ, ಯೋಚಿಸಲು ಪುರುಸೊತ್ತು ಕೊಡದ ಗಾಳಿಯಲ್ಲಿ, ನಾನು.
ಮುಂದಿನವನ ಕೈ ನಡುಗಿದರೆ
ಹಗ್ಗದಲ್ಲಿ ಹರಿದು ಅದು ನಿಮ್ಮ ಅಂಗೈಗೆ ಬರುತ್ತದೆ.
ಬೇಡವೆನ್ನಲು ಆಗುವುದಿಲ್ಲ, ಕೈ ಬಿಟ್ಟರೆ ಬೀಳುತ್ತೀರಿ.
ಎಲಿಸಿಯೊ, ಅಂತ ಕೂಗಿದೆ.
ಗಾಳಿ ಆ ಹೆಸರನ್ನು ತಿರುಗಿಸಿ
ನನ್ನ ಬಾಯಿಗೇ ತುರುಕಿತು.

ಎರಡು ವಾರಕ್ಕೆ ಫಲಿತಾಂಶ ಗೋಡೆಗೆ ಬಂತು, ಬಣ್ಣದ ವೃತ್ತವಾಗಿ:
ಇಪ್ಪತ್ತೆಂಟರಲ್ಲಿ ಇಪ್ಪತ್ತಾರು ಮಂದಿಗೆ ಶಾಲೆ ಇಷ್ಟ.
ಟೀಚರ್ ಚಪ್ಪಾಳೆ ತಟ್ಟಿಸಿದರು. ಎಲಿಸಿಯೊ ಕೂಡ ತಟ್ಟಿದ.
ಉಳಿದ ಇಬ್ಬರಲ್ಲಿ ಒಬ್ಬ ಯಾರೆಂದು ಎಲ್ಲರೂ ಬಲ್ಲೆವು.
ಇನ್ನೊಬ್ಬರು?
ವರ್ಷದಲ್ಲಿ ಮೊದಲ ಸಲ
ಒಬ್ಬರ ಮುಖ ಒಬ್ಬರು ಓದಿದೆವು.
ರೆನಾಟಾ ಬಗ್ಗಿ ಶೂ ಲೇಸು ಕಟ್ಟಿಕೊಳ್ಳುತ್ತಿದ್ದಳು,
ಬಹಳ ಹೊತ್ತು.

ಮರುದಿನ ಹೀಟರಿನ ಪಕ್ಕದ ಕುರ್ಚಿ ಬಿಟ್ಟು
ಎಲಿಸಿಯೊನ ಬೆಂಚಿನ ತುದಿಗೆ ಕೂತೆ.
ಯಾರು ನೋಡಿದರೆ ನೋಡಲಿ ಅನ್ನುವ ಧೈರ್ಯವೇನಲ್ಲ,
ಕಿವಿ ಸುಡುತ್ತಿತ್ತು.
ಅವನು ತಿರುಗಿದ.
ಮುಖವನ್ನಲ್ಲ,
ಮೊದಲು ನನ್ನ ಬೆರಳುಗಳನ್ನು ನೋಡಿದ.